ಸಂಪಾದಕರ ಉತ್ತರ: ‘ಇನ್‌ಸೆಲ್’ ಯುವಕರು ಮತ್ತು ಸ್ತ್ರೀವಾದದ ಮೇಲಿನ ದೂರು

ಮಾನ್ಯರೇ,

ಬಯಸಿದರೂ ಸಂಗಾತಿ ದೊರೆಯದೆ ತಮ್ಮನ್ನು ‘ಇನ್‌ಸೆಲ್’ ಎಂದು ಕರೆದುಕೊಳ್ಳುವ ಯುವಕರನ್ನು ನಮ್ಮ ಕಳೆದ ಸಂಚಿಕೆಯ ಲೇಖನ ಗೇಲಿ ಮಾಡಿದೆಯೆಂದೂ, ಹೆಣ್ಣಿಗೆ ಆಯ್ಕೆಯ ಸ್ವಾತಂತ್ರ್ಯ ತಂದುಕೊಟ್ಟ ಸ್ತ್ರೀವಾದವೇ ಇವರ ಒಂಟಿತನಕ್ಕೆ ಕಾರಣವೆಂದೂ, ಅಂಥವನೊಬ್ಬನ ಬರಹವನ್ನೂ ನಾವು ಪ್ರಕಟಿಸಬೇಕೆಂದೂ ನೀವು ಬರೆದಿದ್ದೀರಿ. ಮೊದಲ ಆಕ್ಷೇಪವನ್ನು ಒಪ್ಪುತ್ತೇನೆ. ಆ ಹಗುರವಾದ ಶೀರ್ಷಿಕೆ ಕೊಟ್ಟವನು ನಾನೇ. ಹೆಣ್ಣಿನ ಸಂಗ ದೊರೆಯದವನು ಗಂಡಸೇ ಅಲ್ಲ ಎಂಬ ಹೀಯಾಳಿಕೆ ಗಂಡುಗರ್ವದ ಹಳೆಯ ಆಯುಧ. ಅದನ್ನು ಸ್ತ್ರೀವಾದದ ಪರವಾಗಿ ಬೀಸಿದ್ದು ನನ್ನ ತಪ್ಪು.

ಎರಡನೆಯ ಮಾತನ್ನು ಒಪ್ಪಲಾರೆ. ‘ಇನ್‌ಸೆಲ್’ ಎಂಬ ಪದದ ಚರಿತ್ರೆಯನ್ನೇ ನೋಡಿ. ಪ್ರೀತಿ ಪ್ರಣಯಗಳು ಕೈಗೂಡದೆ ನೊಂದವರು ಪರಸ್ಪರ ಧೈರ್ಯ ಹೇಳಿಕೊಳ್ಳಲೆಂದು ಕೆನಡಾದ ಒಬ್ಬ ವಿದ್ಯಾರ್ಥಿನಿ 1997ರಲ್ಲಿ ಆರಂಭಿಸಿದ ಜಾಲತಾಣದಿಂದ ಹುಟ್ಟಿದ ಪದವದು. ‘ಒಲ್ಲದ ಬ್ರಹ್ಮಚರ್ಯ’ ಎಂಬರ್ಥದ ಇಂಗ್ಲಿಷ್ ಪದಗಳ ಸಂಕ್ಷೇಪ. ಅಲ್ಲಿ ಹೆಣ್ಣು ಗಂಡೆಂಬ ಭೇದವಿರಲಿಲ್ಲ. ಕೆಲವು ವರ್ಷಗಳಲ್ಲಿ ಆಕೆ ದೂರ ಸರಿದರು, ಪದ ಬೇರೆಯವರ ಕೈಸೇರಿತು. ಹೆಂಗಸಿಗೆ ಇಂಥ ಸ್ಥಿತಿ ಬರಲು ಸಾಧ್ಯವೇ ಇಲ್ಲವೆಂದು ಇನ್‌ಸೆಲ್ ವಲಯದ ಹಲವರು ಇಂದು ವಾದಿಸುವಾಗ, ಪದವನ್ನು ಕಟ್ಟಿದವರನ್ನೇ ಅದರಿಂದ ಹೊರಗಟ್ಟಿದಂತಾಗಿದೆ.

ಆ ವಲಯದ ಸಿದ್ಧಾಂತಕ್ಕೆ ‘ಕಪ್ಪು ಗುಳಿಗೆ’ ಎಂದು ಹೆಸರು. ಎತ್ತರ, ದವಡೆಯ ಆಕಾರ, ಮುಖಲಕ್ಷಣಗಳು ಹುಟ್ಟಿನಿಂದಲೇ ಮನುಷ್ಯನ ಬೆಲೆಯನ್ನು ನಿರ್ಧರಿಸುತ್ತವೆ, ಮೇಲಿನ ಮೆಟ್ಟಿಲಿನ ‘ಚಾಡ್’ ಎಂದು ಅವರು ಕರೆಯುವ ಚೆಲುವ ಗಂಡು ‘ಸ್ಟೇಸಿ’ ಎಂದು ಕರೆಯುವ ಚೆಲುವೆಯನ್ನು ಪಡೆಯುತ್ತಾನೆ, ಉಳಿದವರಿಗೆ ಬಿಡುಗಡೆಯಿಲ್ಲ ಎಂಬುದು ಅದರ ಸಾರ. ರೂಪವನ್ನು ಅಳೆದು ಮನುಷ್ಯರನ್ನು ಸಾಲಾಗಿ ನಿಲ್ಲಿಸುವ ಕ್ರೌರ್ಯ ನಿಜವೇ. ಆದರೆ ಆ ಕ್ರೌರ್ಯವನ್ನು ಬೀದಿಗಿಳಿದು ಪ್ರಶ್ನಿಸಿದವರು ಸ್ತ್ರೀವಾದಿಗಳು: 1968ರ ಸೆಪ್ಟೆಂಬರ್‌ನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಮಿಸ್ ಅಮೆರಿಕ ಸ್ಪರ್ಧೆಯ ಹೊರಗೆ ಸೇರಿದ ಹೆಂಗಸರು ಕುರಿಯೊಂದಕ್ಕೆ ಕಿರೀಟ ತೊಡಿಸಿ, ಎತ್ತರದ ಹಿಮ್ಮಡಿಯ ಚಪ್ಪಲಿಗಳನ್ನೂ ಕೃತಕ ರೆಪ್ಪೆಗಳನ್ನೂ ಕಸದ ಡಬ್ಬಿಗೆ ಎಸೆದರು. ಆ ಅಳತೆಗೋಲೇ ಬೇಡವೆಂಬುದು ಅವರ ವಾದವಾಗಿತ್ತು. ಕಪ್ಪು ಗುಳಿಗೆಯನ್ನು ನುಂಗಿದವನಾದರೋ ಅದೇ ಕೋಲನ್ನು ಪ್ರಕೃತಿಯ ನಿಯಮವೆಂದು ಪೂಜಿಸುತ್ತಾನೆ, ಅದೇ ಕೋಲಿನಿಂದ ಹೆಂಗಸರನ್ನು ಅಳೆಯುತ್ತಾನೆ, ಸ್ಟೇಸಿಯನ್ನು ದ್ವೇಷಿಸುತ್ತಲೇ ಬಯಸುತ್ತಾನೆ. ಕೆಳಗಿನ ಮೆಟ್ಟಿಲಿನ ಹೆಣ್ಣು ಅವನ ಕಣ್ಣಿಗೇ ಬೀಳುವುದಿಲ್ಲ.

ಯಾರನ್ನು ಬಯಸುತ್ತೇವೆ ಎಂಬುದರಲ್ಲಿ ಸಮಾಜದ ಕೈವಾಡವಿದೆಯೆಂಬುದನ್ನೂ ಸ್ತ್ರೀವಾದ ಮರೆತಿಲ್ಲ. ತತ್ವಶಾಸ್ತ್ರಜ್ಞೆ ಅಮಿಯಾ ಶ್ರೀನಿವಾಸನ್ ಅವರು 2018ರ ಪ್ರಬಂಧವೊಂದರಲ್ಲಿ ಈ ಕಗ್ಗಂಟನ್ನೇ ಎತ್ತಿಕೊಂಡರು. ಒಬ್ಬರ ದೇಹದ ಮೇಲೆ ಇನ್ನೊಬ್ಬರಿಗೆ ಹಕ್ಕಿಲ್ಲವೆಂಬುದನ್ನು ಬಿಟ್ಟುಕೊಡದೆಯೇ, ನಮ್ಮ ಬಯಕೆಗಳನ್ನು ರೂಪಿಸುವ ಪೂರ್ವಗ್ರಹಗಳನ್ನು ಪ್ರಶ್ನಿಸಬಹುದೆಂದು ಅವರು ತೋರಿಸಿದರು.

ಹಿಂದಿನ ಕಾಲದಲ್ಲಿ ಎಂಥವನಿಗೂ ಹೆಂಡತಿ ಸಿಗುತ್ತಿದ್ದಳೆಂದು ನೀವು ಬರೆದಿದ್ದೀರಿ. ಸ್ವಂತ ದುಡಿಮೆಯಿಲ್ಲದ, ಒಲ್ಲೆನೆಂದರೆ ಬೇರೆ ಆಸರೆಯಿಲ್ಲದ ಹೆಣ್ಣಿನ ಒಪ್ಪಿಗೆ ಒಲವೇ ಆಗಿತ್ತೆಂದು ಹೇಳುವುದು ಹೇಗೆ? ಸ್ತ್ರೀವಾದ ಕಿತ್ತುಕೊಂಡದ್ದೇನಾದರೂ ಇದ್ದರೆ ಅದು ಆ ಅನಿವಾರ್ಯತೆಯನ್ನು.

ಹಿಂಸೆಯ ವಿಷಯವನ್ನು ನಾವು ಉತ್ಪ್ರೇಕ್ಷಿಸಿದ್ದೇವೆಂಬ ಆರೋಪಕ್ಕೆ ಭಾಗಶಃ ತಲೆಬಾಗುತ್ತೇನೆ. ಈ ವಲಯದಲ್ಲಿರುವ ಬಹುತೇಕರು ಯಾರ ಮೇಲೂ ಕೈಯೆತ್ತಿದವರಲ್ಲ. 2018ರಲ್ಲಿ ಟೊರೊಂಟೊದಲ್ಲಿ ಪಾದಚಾರಿಗಳ ಮೇಲೆ ವ್ಯಾನು ಹರಿಸಿದವನು ಇನ್‌ಸೆಲ್ ಹೆಸರನ್ನು ಹೆಚ್ಚಾಗಿ ಕುಖ್ಯಾತಿಗಾಗಿ ಬಳಸಿಕೊಂಡನೆಂದೇ ನ್ಯಾಯಾಧೀಶರು ಕಂಡುಕೊಂಡರು. ಹಾಗೆಂದು, 2014ರಲ್ಲಿ ಕ್ಯಾಲಿಫೋರ್ನಿಯಾದ ಐಲಾ ವಿಸ್ಟಾದಲ್ಲಿ ಆರು ಜನರನ್ನು ಕೊಂದವನನ್ನು ಆ ವಲಯದ ಕೆಲವರು ಸಂತನಂತೆ ಕೊಂಡಾಡುವುದನ್ನು ಕಡೆಗಣಿಸಲೂ ಆಗದು. ಆ ಹಿಂಸೆ ಹೆಂಗಸರನ್ನಷ್ಟೇ ಬಲಿ ತೆಗೆದುಕೊಳ್ಳಲಿಲ್ಲ: ಸತ್ತ ಆರು ಜನರಲ್ಲಿ ನಾಲ್ವರು ಗಂಡಸರು.

ಆ ಯುವಕನ ಬರಹವನ್ನು ಕಳುಹಿಸಿಕೊಡಿ. ಒಂಟಿಯಾಗಿ ಕಳೆಯುವ ಸಂಜೆಗಳು, ತಿರಸ್ಕಾರದ ಅವಮಾನ, ಗೆಳೆಯರ ಮುಂದೆ ಹೇಳಲಾಗದ ನಾಚಿಕೆ, ಇವನ್ನೆಲ್ಲ ಅವನು ಎಷ್ಟು ಕಟುವಾಗಿ ಬರೆದರೂ ಒಂದಕ್ಷರ ತಿದ್ದದೆ ಅಚ್ಚು ಮಾಡುತ್ತೇನೆ. ಹೆಂಗಸರು ತನಗೆ ಏನನ್ನೋ ಸಲ್ಲಿಸಬೇಕಾದ ಸಾಲಗಾರರೆಂದು ಬರೆದರೆ ಅದನ್ನೂ ಅಚ್ಚು ಮಾಡುತ್ತೇನೆ, ಆದರೆ ಪಕ್ಕದ ಪುಟದಲ್ಲಿ ಒಬ್ಬ ಹೆಣ್ಣುಮಗಳ ಉತ್ತರದೊಂದಿಗೆ. ಈ ಸಲ ಶೀರ್ಷಿಕೆಯನ್ನು ಅವರಿಬ್ಬರೇ ಕೊಡಲಿ.

— ಸಂಪಾದಕ