2 ಮತ್ತು 3 ಅವಿಭಾಜ್ಯ ಅಲ್ಲ ಅಂತ ಶೀಟ್ ಹೇಳಿದರೆ

ಎ2 ಸೆಲ್‌ನಲ್ಲಿರುವ ಸಂಖ್ಯೆ ಅವಿಭಾಜ್ಯವೇ ಅಂತ ಹೇಳಲು ಎಕ್ಸೆಲ್‌ನಲ್ಲಿ ಒಂದು ಫಾರ್ಮುಲಾ ಬರೆದಿದ್ದೀರಿ. 5ರಿಂದ ಮೇಲೆ ಎಲ್ಲಾ ಸರಿ, 2 ಮತ್ತು 3ಕ್ಕೆ ಮಾತ್ರ ‘ಅವಿಭಾಜ್ಯ ಅಲ್ಲ’ ಅಂತ ಬರುತ್ತಿದೆ ಅಂದಿರಲ್ಲ, ತಪ್ಪು ಇರುವುದು ನಿಮ್ಮ ಫಾರ್ಮುಲಾದ ಈ ತುಂಡಿನಲ್ಲಿ. ಭಾಗಿಸಿ ನೋಡಬೇಕಾದ ಸಂಖ್ಯೆಗಳ ಪಟ್ಟಿಯನ್ನು (2ರಿಂದ ವರ್ಗಮೂಲದವರೆಗೆ) ಸಾಲಿನ ನಂಬರ್‌ಗಳಿಂದ ಮಾಡಿಕೊಡುವುದು ಇದೇ:

ರೋ(ಇಂಡೈರೆಕ್ಟ್("2:"&ಇಂಟ್(ಎಸ್‌ಕ್ಯೂಆರ್‌ಟಿ(ಎ2))))

3ರ ವರ್ಗಮೂಲ (ಎಸ್‌ಕ್ಯೂಆರ್‌ಟಿ) 1.73, ದಶಮಾಂಶ ಭಾಗ ಬಿಡುವ ಇಂಟ್ ಹಾಕಿದರೆ 1. ಅಲ್ಲಿಗೆ ನೀವು ಕೇಳಿದ್ದು "2:1" ಸಾಲುಗಳನ್ನು. ಎಕ್ಸೆಲ್ ಇದಕ್ಕೆ ತಕರಾರು ಮಾಡುವುದಿಲ್ಲ, ಸುಮ್ನೆ ತಿರುಗಿಸಿ 1:2 ಅಂತ ಓದಿಕೊಳ್ಳುತ್ತದೆ. 1ರಿಂದ ಯಾವ ಪೂರ್ಣ ಸಂಖ್ಯೆ ಭಾಗಿಸಿದರೂ ಶೇಷ 0 ತಾನೇ, ಹಾಗಾಗಿ ಪಾಪ 3 ಫೇಲ್. 1ಕ್ಕೆ ‘ಅಲ್ಲ’ ಅಂತ ಬರುವುದೂ ಇದೇ ಕಾರಣಕ್ಕೆ. ಉತ್ತರ ಸರಿ, ಆದರೆ ಅದು ಅದೃಷ್ಟ.

ವರ್ಗಮೂಲದವರೆಗೆ ನೋಡಿದ್ದು ಮಾತ್ರ ಸರಿಯಾಗಿದೆ, ಅದನ್ನು ಮುಟ್ಟಬೇಡಿ. 91 = 7×13. ಎರಡು ಅಪವರ್ತನಗಳಲ್ಲಿ ಒಂದು ವರ್ಗಮೂಲಕ್ಕಿಂತ ದೊಡ್ಡದಾದರೆ ಇನ್ನೊಂದು ಚಿಕ್ಕದೇ ಆಗಬೇಕು, ಅಲ್ವಾ? ಅದಕ್ಕೇ 91ಕ್ಕೆ 9ರವರೆಗೆ ನೋಡಿದರೆ ಸಾಕು.

ಎಕ್ಸೆಲ್ 2021 ಅಥವಾ 365 ಇದ್ದರೆ ಹೀಗೆ ಬರೆಯಿರಿ (ಫಂಕ್ಷನ್ ಹೆಸರು, ಸೆಲ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ; ಆರ್ ಅಂದರೆ ‘ಅಥವಾ’ ಅನ್ನುವ ಇಂಗ್ಲಿಷ್ ಪದ):

=ಇಫ್(ಆರ್(ಎ2<2, ಎ2<>ಇಂಟ್(ಎ2)), "ಅಲ್ಲ", ಇಫ್(ಎ2<4, "ಹೌದು", ಇಫ್(ಸಮ್‌ಪ್ರಾಡಕ್ಟ್(--(ಮಾಡ್(ಎ2, ಸೀಕ್ವೆನ್ಸ್(ಇಂಟ್(ಎಸ್‌ಕ್ಯೂಆರ್‌ಟಿ(ಎ2))-1, 1, 2))=0))=0, "ಹೌದು", "ಅಲ್ಲ")))

ಸೀಕ್ವೆನ್ಸ್ 2, 3, 4 ಅಂತ ಪಟ್ಟಿ ಕೊಡುತ್ತದೆ, ಮಾಡ್ ಒಂದೊಂದರಿಂದಲೂ ಭಾಗಿಸಿ ಶೇಷ ತೆಗೆಯುತ್ತದೆ, ಶೇಷ 0 ಎಷ್ಟು ಸಲ ಬಂತು ಅಂತ ಸಮ್‌ಪ್ರಾಡಕ್ಟ್ ಎಣಿಸುತ್ತದೆ. ಒಂದು ಸಲವೂ ಬರದಿದ್ದರೆ ಅವಿಭಾಜ್ಯ. ಮೊದಲ ಷರತ್ತಿನಲ್ಲಿ ಇಂಟ್ ಯಾಕೆ ಅಂದರೆ, 7.5 ಹಾಕಿ ನೋಡಿ, ಅದಿಲ್ಲದಿದ್ದರೆ 7.5 ಕೂಡ ಅವಿಭಾಜ್ಯ ಆಗಿಬಿಡುತ್ತದೆ! ಎ2<4 ತೆಗೆದರೂ ಕೆಡುತ್ತದೆ. 3ಕ್ಕೆ ಪಟ್ಟಿಯ ಉದ್ದ 0 ಆಗಿ ಎರರ್ ಬರುತ್ತದೆ.

ಹಳೆಯ ಎಕ್ಸೆಲ್ ಆದರೆ ಸೀಕ್ವೆನ್ಸ್‌ನಿಂದ ‘-1, 1, 2)’ವರೆಗಿನ ತುಂಡಿನ ಜಾಗಕ್ಕೆ ನಿಮ್ಮ ರೋ-ಇಂಡೈರೆಕ್ಟ್ ತುಂಡನ್ನೇ ಇಡಿ, ಉಳಿದದ್ದು ಹಾಗೇ ಇರಲಿ. ಒಂದೇ ಕಿರಿಕಿರಿ, ಶೀಟಿನಲ್ಲಿ ಎಲ್ಲೇ ಏನೇ ಬದಲಿಸಿದರೂ ಇಂಡೈರೆಕ್ಟ್ ಮತ್ತೆ ಲೆಕ್ಕ ಹಾಕುತ್ತದೆ. ಸಾವಿರಾರು ಸೆಲ್‌ಗೆ ಎಳೆದರೆ ಶೀಟ್ ಜಗ್ಗುತ್ತದೆ.

ತುಂಬಾ ದೊಡ್ಡ ಸಂಖ್ಯೆಗೆ ಇದು ಆಗುವುದಿಲ್ಲ. ಶೀಟಿನಲ್ಲಿ ಇರುವುದೇ 10,48,576 ಸಾಲು, ಪಟ್ಟಿ ಅದಕ್ಕಿಂತ ಉದ್ದ ಆಗಲಾರದು, ಅದರ ವರ್ಗ ಸುಮಾರು 1.1 ಲಕ್ಷ ಕೋಟಿ, ಅದಕ್ಕಿಂತ ಮೇಲೆ ಹೋಗಬೇಡಿ. 15 ಅಂಕಿ ದಾಟಿದರಂತೂ ಎಕ್ಸೆಲ್ ಉಳಿದ ಅಂಕಿಗಳನ್ನು 0 ಮಾಡಿಬಿಡುತ್ತದೆ, ನೀವು ಪರೀಕ್ಷೆ ಮಾಡುವುದು ಬೇರೆಯೇ ಸಂಖ್ಯೆ.

ಹಾಕಿದ ಮೇಲೆ 1, 2, 3, 4, 9, 49, 91, 97 ಕೊಟ್ಟು ನೋಡಿ. 2, 3, 97ಕ್ಕೆ ಮಾತ್ರ ಹೌದು ಬರಬೇಕು. ಆಮೇಲೆ 2147483647 ಹಾಕಿ, ಅದಕ್ಕೂ ಹೌದು ಬರಬೇಕು, ಅದು ಅವಿಭಾಜ್ಯ ಅಂತ ಗಣಿತಜ್ಞ ಆಯ್ಲರ್ 1772ರಲ್ಲೇ ಕೈಲೆಕ್ಕದಲ್ಲಿ ತೋರಿಸಿದ್ದಾರೆ.