ಯೀಸ್ಟ್ ಸಕ್ಕರೆಯನ್ನು ತಿಂದುಬಿಡುವುದಾದರೆ, ಬ್ರೂಪಬ್‌ಗಳ ಡೆಸರ್ಟ್ ಸ್ಟೌಟ್ ಸಿಹಿಯಾಗಿರುವುದು ಹೇಗೆ?

ಡೆಸರ್ಟ್ ಸ್ಟೌಟ್ ಎಂದರೆ, ತಮ್ಮಲ್ಲೇ ಬಿಯರ್ ತಯಾರಿಸುವ ಪಬ್‌ಗಳಲ್ಲಿ (ಬ್ರೂಪಬ್‌ಗಳಲ್ಲಿ) ಸಿಗುವ, ಸಿಹಿತಿನಿಸನ್ನು ನೆನಪಿಸುವ ಕಪ್ಪು ಬಿಯರ್. ಇಂಥ ಹಲವು ಸ್ಟೌಟ್‌ಗಳಲ್ಲಿ ಸಿಹಿ ಉಳಿಯುವುದು ಲ್ಯಾಕ್ಟೋಸ್‌ನಿಂದ, ಅಂದರೆ ಹಾಲಿನಲ್ಲಿ ಸಹಜವಾಗಿ ಇರುವ ಸಕ್ಕರೆಯಿಂದ. ಮಾಲ್ಟ್‌ನಿಂದ, ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ, ದೊರೆಯುವ ಸಕ್ಕರೆಯ ಬಹುಪಾಲನ್ನು ಯೀಸ್ಟ್ ಆಲ್ಕೊಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಪರಿವರ್ತಿಸುತ್ತದೆ. ಆದರೆ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಬಿಯರ್ ಯೀಸ್ಟ್‌ನಲ್ಲಿ ಇಲ್ಲದಿರುವುದರಿಂದ, ಕುದಿಸುವ ಹಂತದಲ್ಲಿ ಬೆರೆಸಿದ ಆ ಸಕ್ಕರೆ ಹುದುಗುವಿಕೆ ಮುಗಿದ ಮೇಲೂ ಹಾಗೆಯೇ ಉಳಿದುಕೊಳ್ಳುತ್ತದೆ. ಅದು ನಮ್ಮ ಅಡುಗೆಮನೆಯ ಸಕ್ಕರೆಗಿಂತ ಬಹಳ ಕಡಿಮೆ ಸಿಹಿ. ಹಾಗಾಗಿ ಮೊದಲ ಗುಟುಕಿನಲ್ಲಿ ನಾಲಿಗೆಗೆ ತಿಳಿಯುವುದು ಸಿಹಿಗಿಂತ ಹೆಚ್ಚಾಗಿ ಕೆನೆಯಂಥ ಮಂದತನ.

ಚಾಕೊಲೇಟ್ ಮತ್ತು ಕಾಫಿಯನ್ನು ನೆನಪಿಸುವ ರುಚಿಯ ಬಹುಪಾಲು, 200 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ ಕಪ್ಪಾಗುವಂತೆ ಹುರಿದ ಬಾರ್ಲಿಯಿಂದಲೇ ಬರುತ್ತದೆ. ‘ಚಾಕೊಲೇಟ್ ಮಾಲ್ಟ್’ ಎಂಬ ಧಾನ್ಯದಲ್ಲಿ ಚಾಕೊಲೇಟ್ ಇರುವುದೇ ಇಲ್ಲ. ನಿಜವಾದ ಕೋಕೋ ಬೀಜದ ಚೂರುಗಳನ್ನೋ ವೆನಿಲಾ ಕೋಡನ್ನೋ ಬಳಸುವವರು ಅವುಗಳನ್ನು ಸಾಮಾನ್ಯವಾಗಿ ಹುದುಗುವಿಕೆ ಇಳಿದ ಮೇಲೆ ಸೇರಿಸುತ್ತಾರೆ, ಏಕೆಂದರೆ ಮೊದಲೇ ಸೇರಿಸಿದರೆ ಹೊರಹೋಗುವ ಅನಿಲದೊಂದಿಗೆ ಪರಿಮಳವೂ ಹೋಗುತ್ತದೆ. ಹುರಿದ ಧಾನ್ಯದ ಕಹಿ ಕೊನೆಯಲ್ಲಿ ಸ್ಪಷ್ಟವಾಗಿ ನಿಲ್ಲದಿದ್ದರೆ ಸಿಹಿ ಬೇಗ ಮುಖ ಕಟ್ಟುತ್ತದೆ; ಒಳ್ಳೆಯ ಡೆಸರ್ಟ್ ಸ್ಟೌಟ್ ಅನ್ನು ನಾನು ಗುರುತಿಸುವುದು ಆ ಕಹಿಯಿಂದಲೇ.

ತೀರಾ ತಣ್ಣಗಿದ್ದರೆ ಪರಿಮಳ ಮೇಲೇಳುವುದಿಲ್ಲವಾದ್ದರಿಂದ ಗ್ಲಾಸನ್ನು ಕೆಲವು ನಿಮಿಷ ಹಾಗೆಯೇ ಬಿಟ್ಟು ಕುಡಿಯುವುದು ಒಳ್ಳೆಯದು. ಹಾಲು ಜೀರ್ಣವಾಗದವರು ಹಾಗೂ ಹಾಲಿನ ಪದಾರ್ಥಗಳನ್ನು ಬಿಟ್ಟವರು ಮಾತ್ರ, ಲ್ಯಾಕ್ಟೋಸ್ ಹಾಕಿದ್ದಾರೆಯೇ ಎಂದು ಮೊದಲೇ ವಿಚಾರಿಸಲೇಬೇಕು.