ಅಪ್ಪನಿಗೆ ಏನು ಬೇಕು ಅಂತ ಅಪ್ಪನನ್ನೇ ಕೇಳಿದ್ದೀರಾ?

ಮುಂಬಯಿಯ ಐಸಿಯುವಿನಲ್ಲಿ ನನ್ನ ಕಿವಿಗೆ ಕನ್ನಡದಲ್ಲಿ ಅತಿ ಹೆಚ್ಚು ಬೀಳುವ ಮಾತು: ‘ಎಲ್ಲಾ ಮಾಡಿ ಡಾಕ್ಟ್ರೇ, ದುಡ್ಡಿನ ಚಿಂತೆ ಬೇಡ.’ ಹೇಳುವವರು ಮಗ, ಅಳಿಯ, ಇಲ್ಲವೇ ಬೆಳಿಗ್ಗೆಯಷ್ಟೇ ಮತ್ಸ್ಯಗಂಧ ರೈಲಿನಲ್ಲಿ ಬಂದಿಳಿದ ದೊಡ್ಡಪ್ಪ. ಹಾಸಿಗೆಯಲ್ಲಿ ಮಲಗಿದವರ ಬಾಯಿಂದ ಈ ಮಾತು ಬಂದದ್ದು ಬಲು ಅಪರೂಪ. ನಾಲ್ಕನೆಯ ದಿನಕ್ಕೆ ದುಡ್ಡಿನ ಚಿಂತೆಯೂ ಶುರುವಾಗಿರುತ್ತದೆ, ಆದರೆ ಅಷ್ಟರಲ್ಲಿ ‘ಎಲ್ಲಾ’ ಮಾಡಿ ಆಗಿರುತ್ತದೆ. ಆದ್ದರಿಂದ ಈ ಬಾರಿ ಓದುಗರ ಪ್ರಶ್ನೆಗಳಲ್ಲಿ ಒಂದಕ್ಕೇ ಹೆಚ್ಚು ಜಾಗ ಕೊಡುತ್ತಿದ್ದೇನೆ. ಉಳಿದವರು ಸಿಟ್ಟಾಗಬೇಡಿ. ಆದರೂ ಪರವಾಗಿಲ್ಲ.

ಪ್ರಶ್ನೆ: ತಂದೆಗೆ 81 ವರ್ಷ. ಸಿಒಪಿಡಿ (ಉಸಿರಾಟ ಕುಗ್ಗಿಸುತ್ತ ಹೋಗುವ ಶ್ವಾಸಕೋಶದ ದೀರ್ಘ ಕಾಯಿಲೆ) ಇದೆ, ಮನೆಯಲ್ಲೇ ಆಕ್ಸಿಜನ್ ಮೇಲಿದ್ದಾರೆ. ‘ನನ್ನನ್ನು ವೆಂಟಿಲೇಟರಿಗೆ ಹಾಕಬೇಡ’ ಎಂದು ಪದೇ ಪದೇ ಹೇಳುತ್ತಾರೆ. ತಾವಾಗಿ ಹೇಳಲಾರದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಲಿವಿಂಗ್ ವಿಲ್ ಬರೆಸೋಣವೆಂದರೆ ಅಣ್ಣ ಒಪ್ಪುತ್ತಿಲ್ಲ. ‘ಅದಕ್ಕೆ ಸಹಿ ಹಾಕಿದರೆ ಆಸ್ಪತ್ರೆಯವರು ಮುಟ್ಟಿಯೂ ನೋಡುವುದಿಲ್ಲ, ಅಪ್ಪನನ್ನು ನಾವೇ ಕೊಂದ ಹಾಗೆ’ ಅನ್ನುತ್ತಾನೆ. ಕೋರ್ಟಿಗೂ ಅಲೆಯಬೇಕಂತೆ, ಹೌದೆ? (ಡೊಂಬಿವಿಲಿಯಿಂದ ಓದುಗರೊಬ್ಬರು)

ಉತ್ತರ: ಅಣ್ಣನಿಗೆ ಮೊದಲು ಇಷ್ಟು ಹೇಳಿ. ತಂದೆಗೆ ಎಚ್ಚರವಿದ್ದು, ವಿಷಯ ತಿಳಿದು ಉತ್ತರಿಸುವ ಶಕ್ತಿ ಇರುವವರೆಗೆ ಆ ಕಾಗದವನ್ನು ಯಾರೂ ತೆರೆದೂ ನೋಡುವುದಿಲ್ಲ. ಅಲ್ಲಿಯವರೆಗೆ ವೈದ್ಯರು ಕೇಳಬೇಕಾದ್ದು ಅವರನ್ನೇ. ಅವರು ತಾವಾಗಿ ನಿರ್ಧರಿಸಲಾರದ ಸ್ಥಿತಿಗೆ ಹೋಗಿರಬೇಕು, ಜೊತೆಗೆ ಕಾಯಿಲೆ ವಾಸಿಯಾಗುವ ಆಸೆಯೂ ಇಲ್ಲದಿರಬೇಕು. ಎರಡೂ ಸೇರಿದಾಗ ಮಾತ್ರ ಕಾಗದಕ್ಕೆ ಜೀವ. ಆಗಲೂ ಒಬ್ಬ ಡಾಕ್ಟರ್ ತೀರ್ಮಾನ ಮಾಡುವಂತಿಲ್ಲ. ಚಿಕಿತ್ಸೆ ಕೊಡುತ್ತಿರುವವರ ಜೊತೆ ಕನಿಷ್ಠ 5 ವರ್ಷ ಅನುಭವವಿರುವ ಇಬ್ಬರು ತಜ್ಞರು ಕೂತು ನೋಡಬೇಕು. ಅವರು ಹೌದೆಂದರೆ, ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರು ಮತ್ತು ಮೊದಲ ಮಂಡಳಿಯಲ್ಲಿಲ್ಲದ ಇನ್ನಿಬ್ಬರು ತಜ್ಞರು ಮತ್ತೆ ನೋಡಬೇಕು. ಕಾಗದದಲ್ಲಿ ಹೆಸರಿರುವ ಮನೆಯವರು ಒಪ್ಪಬೇಕು, ಆಸ್ಪತ್ರೆಯವರು ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಇಷ್ಟೆಲ್ಲ ಆದ ಮೇಲೆ ವೆಂಟಿಲೇಟರಿನ ಮಾತು. ‘ಸಹಿ ಹಾಕಿದ ಕೂಡಲೇ ಸಾಯಿಸುತ್ತಾರೆ’ ಎನ್ನುವವರು ಇದನ್ನು ಓದಿಲ್ಲ, ವಾಟ್ಸ್ಯಾಪ್ ಓದಿದ್ದಾರೆ.

ಕೋರ್ಟಿಗೆ ಅಲೆಯಬೇಕೆಂಬ ಮಾತು ಹಳೆಯದು. ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ಇಂಥ ಮುಂಗಡ ನಿರ್ದೇಶನಕ್ಕೆ ಮಾನ್ಯತೆ ಕೊಟ್ಟಾಗ ಮ್ಯಾಜಿಸ್ಟ್ರೇಟರ ಸಹಿ ಬೇಕೆಂದಿತ್ತು. ಎಂಬತ್ತರ ಅಜ್ಜ ಆಕ್ಸಿಜನ್ ಸಿಲಿಂಡರ್ ಹೊತ್ತು ಕೋರ್ಟಿನ ಬೆಂಚಿನ ಮೇಲೆ ಕಾಯುವುದುಂಟೆ? 2023ರ ಜನವರಿ 24ರಂದು ಅದೇ ನ್ಯಾಯಾಲಯ ನಿಯಮ ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಸಾಕ್ಷಿಗಳು ಹೊರಗಿನವರಾದರೆ ಒಳ್ಳೆಯದು, ನಿಮ್ಮ ಸೊಸೈಟಿಯ ನೆರೆಯವರಾದರೂ ಆಗುತ್ತದೆ. ವಕೀಲರೇ ಬೇಕೆಂದಿಲ್ಲ. ಇದಕ್ಕೂ ‘ಪ್ಯಾಕೇಜ್’ ಎಂದು ಸಾವಿರಗಟ್ಟಲೆ ಕೇಳುವವರು ಸಿಕ್ಕರೆ ಎದ್ದು ಬನ್ನಿ.

ಒಂದು ಪ್ರತಿ ಕುಟುಂಬ ವೈದ್ಯರಿಗೆ, ಒಂದೊಂದು ಮಕ್ಕಳಿಗೆ, ಒಂದು ಸ್ಥಳೀಯ ಸಂಸ್ಥೆಯ ಅಧಿಕಾರಿಗೆ. ನಿಮಗೆ ಅದು ಕಲ್ಯಾಣ-ಡೊಂಬಿವಿಲಿ ಮಹಾನಗರಪಾಲಿಕೆ. ಕಿಟಕಿಯಲ್ಲಿ ಕೂತವರು ‘ಅಂಥದ್ದೇನೂ ಇಲ್ಲ’ ಎಂದರೆ ವೈದ್ಯಕೀಯ ಆರೋಗ್ಯ ಅಧಿಕಾರಿಯ ಕಚೇರಿಗೆ ಹೋಗಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಬನ್ನಿ. ಗೋವಾದಲ್ಲಿ 2024ರಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಎಂ. ಎಸ್. ಸೋನಕ್ ತಮ್ಮದೇ ಲಿವಿಂಗ್ ವಿಲ್ ನೋಂದಾಯಿಸಿ ದಾರಿ ತೋರಿಸಿದರು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ಊರಿನ ಮನೆಯಲ್ಲಿ ಅಮ್ಮ ಒಬ್ಬರೇ ಇದ್ದರೆ ಅವರಿಗೂ ಇದು ಅನ್ವಯ. ಬರೆದವರು ಯಾವಾಗ ಬೇಕಾದರೂ ಇದನ್ನು ರದ್ದು ಮಾಡಬಹುದು, ತಿದ್ದಬಹುದು.

ಇಲ್ಲಿಯವರೆಗಿನದ್ದು ಯಾವ ನೋಟರಿಯಾದರೂ ಹೇಳಿಯಾನು. ನನಗೆ ಮುಖ್ಯವಾದದ್ದು ಮುಂದಿದೆ.

ನಿಮ್ಮ ತಂದೆ ‘ವೆಂಟಿಲೇಟರ್ ಬೇಡ’ ಎಂದದ್ದರ ಅರ್ಥವೇನೆಂದು ಅವರನ್ನು ಕೇಳಿದ್ದೀರಾ? ಸಿಒಪಿಡಿಯಲ್ಲಿ ಇದನ್ನು ಕೇಳದೆ ಕಾಗದ ಬರೆಯುವುದು ಅಪಾಯ. ಚಳಿಗಾಲದಲ್ಲಿ ಕಫ ಕಟ್ಟಿ ಉಸಿರು ಸಿಕ್ಕಿಕೊಂಡರೆ ಬೈಪ್ಯಾಪ್ ಮಾಸ್ಕ್ ಹಾಕುತ್ತೇವೆ. ಮುಖಕ್ಕೆ ಕಟ್ಟುವ ಮಾಸ್ಕ್, ಗಂಟಲಿಗೆ ಕೊಳವೆ ಇಲ್ಲ. ಎಷ್ಟೋ ಜನ ಎರಡು ಮೂರು ದಿನದಲ್ಲಿ ಅದರಿಂದ ಹೊರಬಂದು ಚಹಾ ಕೇಳುತ್ತಾರೆ. ಅದೂ ಬೇಡವೆ? ಕೊಳವೆ ಹಾಕಿದರೆ ನಾಲ್ಕು ದಿನದಲ್ಲಿ ತೆಗೆಯಬಹುದೆಂದು ವೈದ್ಯರು ಹೇಳಿದರೆ? ಹತ್ತು ಹದಿನಾಲ್ಕು ದಿನವಾದರೂ ತೆಗೆಯಲಾಗದೆ ಟ್ರೇಕಿಯಾಸ್ಟಮಿಗೆ, ಅಂದರೆ ಗಂಟಲಲ್ಲೇ ತೂತು ಮಾಡುವ ಮಾತಿಗೆ ಬಂದರೆ? ಈ ಮೂರಕ್ಕೂ ಅವರ ಉತ್ತರ ಬೇರೆ ಬೇರೆಯಾಗಿರಬಹುದು. ಬಹಳಷ್ಟು ಹಿರಿಯರು ಹೆದರುವುದು ಯಂತ್ರಕ್ಕಲ್ಲ, ಯಂತ್ರದಿಂದ ಬಿಡುಗಡೆಯಿಲ್ಲದೆ ಮಲಗುವುದಕ್ಕೆ. ನಾನಾದರೆ ‘ಯಾವ ಟ್ಯೂಬೂ ಬೇಡ’ ಎಂದು ಬರೆಸುವುದಿಲ್ಲ. ‘ಸ್ವಲ್ಪ ದಿನ ಪ್ರಯತ್ನಿಸಿ, ಮನೆಗೆ ಮರಳಿ ನನ್ನವರ ಗುರುತು ಹಿಡಿಯುವ ಆಸೆ ಇಲ್ಲವೆಂದಾದರೆ ನಿಲ್ಲಿಸಿ’ ಎಂಬ ಅರ್ಥ ಬರುವಂತೆ ಬರೆಸುತ್ತೇನೆ. ನನ್ನದನ್ನೂ ಹಾಗೇ ಬರೆದಿಟ್ಟಿದ್ದೇನೆ.

ಹೃದಯ ನಿಂತರೆ ಎದೆ ಒತ್ತಬೇಕೆ ಎಂದೂ ಕೇಳಿ. ಟಿವಿಯಲ್ಲಿ ನಾಲ್ಕು ಸಲ ಒತ್ತಿದರೆ ರೋಗಿ ಕಣ್ಣು ಬಿಡುತ್ತಾನೆ. 80 ದಾಟಿದ, ಶ್ವಾಸಕೋಶ ಸವೆದ ದೇಹದಲ್ಲಿ ಪಕ್ಕೆಲುಬು ಮುರಿಯುವುದು ಸಾಮಾನ್ಯ, ಎದ್ದು ಮನೆಗೆ ನಡೆಯುವುದು ವಿರಳ. ಬೇಡವೆಂದರೆ ಅದನ್ನು ಕೇಸ್ ಪೇಪರಿನಲ್ಲಿ ದಾಖಲಿಸುವ ಕ್ರಮವಿದೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಎದೆ ಒತ್ತುವುದು ಬೇಡವೆಂದರೆ ಆಂಟಿಬಯಾಟಿಕ್ಕೂ ಬೇಡ, ಆಕ್ಸಿಜನ್ನೂ ಬೇಡ ಎಂದು ಅರ್ಥವಲ್ಲ. ಇದನ್ನು ಕೆಲವು ಡಾಕ್ಟರುಗಳಿಗೂ ಹೇಳಬೇಕಾಗಿದೆ.

ಇನ್ನು ನಿಮ್ಮ ಅಣ್ಣ. ತಂದೆಯ ಪರವಾಗಿ ಮಾತಾಡುವವರ ಹೆಸರು ಕಾಗದದಲ್ಲಿ ಇರಬೇಕು, ಒಬ್ಬರಿಗಿಂತ ಹೆಚ್ಚು ಹೆಸರೂ ಆಗುತ್ತದೆ. ಹಿರಿಮಗ ಎಂಬ ಕಾರಣಕ್ಕೆ ಹೆಸರು ಹಾಕಿಸಬೇಡಿ. ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು, ದೊಡ್ಡಪ್ಪನ ಎದುರು ‘ಇದು ಅಪ್ಪನದೇ ಮಾತು’ ಎಂದು ಹೇಳಬಲ್ಲವರು ಬೇಕು. ಅದು ಸೊಸೆಯಾದರೆ ಸೊಸೆ. ಹೆಸರು ಹಾಕುವ ಮೊದಲು ತಂದೆ ತಮ್ಮ ಬಾಯಿಂದಲೇ ಅಣ್ಣನಿಗೆ ಎಲ್ಲವನ್ನೂ ಹೇಳಲಿ. ನೀವು ಹೇಳಿದರೆ ಅದು ತಮ್ಮನ ಹುನ್ನಾರವಾಗಿ ಕೇಳಿಸುತ್ತದೆ.

ಇದೇ ಊರಿನ ಕೆಇಎಂ ಆಸ್ಪತ್ರೆಯಲ್ಲಿ ಹೊನ್ನಾವರದ ಹಳದೀಪುರದಿಂದ ಬಂದ ನರ್ಸ್ ಅರುಣಾ ಶಾನಭಾಗ 1973ರ ನವೆಂಬರಿನ ದಾಳಿಯ ನಂತರ ಮಿದುಳಿಗೆ ಪೆಟ್ಟಾಗಿ, 2015ರ ಮೇ 18ರಂದು ತೀರಿಕೊಳ್ಳುವವರೆಗೆ ಮಲಗಿದ್ದರು. ಕೊನೆಯ ಕೆಲವು ದಿನ ಬಿಟ್ಟರೆ ಅವರು ವೆಂಟಿಲೇಟರಿನ ಮೇಲಿರಲಿಲ್ಲ, ಸಹೋದ್ಯೋಗಿ ನರ್ಸುಗಳು ಉಣಿಸಿ ತೊಳೆದು ನೋಡಿಕೊಂಡರು. 2011ರಲ್ಲಿ, ಅವರಿಗೆ ಉಣಿಸುವುದನ್ನು ನಿಲ್ಲಿಸಿ ಸಾಯಲು ಬಿಡಬೇಕೆಂಬ ಅರ್ಜಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ಎದ್ದ ದೊಡ್ಡ ಪ್ರಶ್ನೆಗಳಲ್ಲೊಂದು, ಅವರ ಪರವಾಗಿ ಮಾತಾಡುವ ಹಕ್ಕು ಯಾರದು ಎಂಬುದು. ಅರ್ಜಿ ಹಾಕಿದ ಲೇಖಕಿಯದೋ, ನೋಡಿಕೊಂಡ ಆಸ್ಪತ್ರೆಯವರದೋ? ನ್ಯಾಯಾಲಯ ಆಸ್ಪತ್ರೆಯವರದೆಂದಿತು. ಇಪ್ಪತ್ತೈದರ ಹುಡುಗಿ ಇದನ್ನೆಲ್ಲ ಮೊದಲೇ ಹೇಳಿಡುವುದು ಸಾಧ್ಯವಿರಲಿಲ್ಲ. ನಿಮ್ಮ ತಂದೆ ಹೇಳುತ್ತಿದ್ದಾರೆ, ಕೇಳುವವರಿಲ್ಲ.

ಖರ್ಚಿನ ಮಾತನ್ನು ನಾಚಿಕೆಪಡದೆ ಆಡೋಣ. ಖಾಸಗಿ ಐಸಿಯುವಿನಲ್ಲಿ ವೆಂಟಿಲೇಟರ್ ಸೇರಿ ದಿನಕ್ಕೆ ಹತ್ತಾರು ಸಾವಿರ ಕರಗುತ್ತದೆ. ದುಡ್ಡು ಮುಗಿದಾಗ ಮನೆಯವರು ‘ಲಾಮಾ’ ಪತ್ರಕ್ಕೆ ಸಹಿ ಹಾಕಿ, ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತೇವೆಂದು ಬರೆದುಕೊಟ್ಟು, ಆಂಬುಲೆನ್ಸಿನಲ್ಲಿ ಉಸಿರು ಕೊಡುವ ಬ್ಯಾಗನ್ನು ಕೈಯಿಂದ ಒತ್ತಿಸುತ್ತ ಹೊರಡುತ್ತಾರೆ. ಉಸಿರಿಗಾಗಿ ಒದ್ದಾಡುವ ರೋಗಿಗೆ ಒಂದು ಹನಿ ಮಾರ್ಫಿನ್ ಕೂಡ ಇರುವುದಿಲ್ಲ. ನಾನು ನೋಡಿದ ಅತಿ ಕೆಟ್ಟ ಸಾವುಗಳು ಅವು. ಇದನ್ನು ತಪ್ಪಿಸಬೇಕೆಂದರೆ ಈಗಲೇ ಪ್ಯಾಲಿಯೇಟಿವ್, ಅಂದರೆ ವಾಸಿಯಾಗದ ಕಾಯಿಲೆಯ ನೋವು-ಸಂಕಟ ಇಳಿಸುವ ವೈದ್ಯರೊಬ್ಬರನ್ನು ಹುಡುಕಿಟ್ಟುಕೊಳ್ಳಿ. ಅವರ ನಿಗಾದಲ್ಲಿ ಸಣ್ಣ ಪ್ರಮಾಣದ ಮಾರ್ಫಿನ್ ಉಸಿರಿನ ಸಂಕಟವನ್ನೂ ಇಳಿಸುತ್ತದೆ. 2014ರ ತಿದ್ದುಪಡಿಯ ನಂತರ ಅದನ್ನು ದೊರಕಿಸುವ ನಿಯಮವೂ ಸರಳವಾಗಿದೆ. ಬಾಂದ್ರಾದ ಶಾಂತಿ ಅವೇದನಾ ಸದನ 1986ರಿಂದ ಉಚಿತವಾಗಿ ನೋಡಿಕೊಳ್ಳುತ್ತಿದೆ, ಆದರೆ ಅದು ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ. ಸಿಒಪಿಡಿಯ ತಂದೆಯನ್ನು ಅಲ್ಲಿಗೆ ಕರೆದೊಯ್ದು ಜಗಳವಾಡಬೇಡಿ.

ಪ್ರಶ್ನೆ: ಸತ್ತವರನ್ನೂ ವೆಂಟಿಲೇಟರಿನಲ್ಲಿಟ್ಟು ಬಿಲ್ ಏರಿಸುತ್ತಾರಂತೆ? (ಥಾಣೆ)

ಉತ್ತರ: ಹೃದಯ ನಿಂತ ದೇಹಕ್ಕೆ ಯಂತ್ರ ಗಾಳಿ ಊದಬಹುದು, ಬಿಸಿ ಕೊಡಲಾರದು. ಹೋಗಿ ಕೈ ಮುಟ್ಟಿ ನೋಡಿ. ಬಿಲ್ ಏರಿಸುವ ದಾರಿ ಬೇಕಾದಷ್ಟಿವೆ, ಅದಕ್ಕೆ ಹೆಣ ಬೇಕಾಗಿಲ್ಲ. ದಿನವೂ ಬಿಲ್ಲಿನ ವಿವರ ಕೇಳಿ ಪಡೆಯಿರಿ. ಹಾಗೆಯೇ ಬಾಕಿ ಹಣಕ್ಕಾಗಿ ಮೃತದೇಹ ಕೊಡದೆ ತಡೆಹಿಡಿಯುವಂತಿಲ್ಲ. ಮಹಾರಾಷ್ಟ್ರದ ನರ್ಸಿಂಗ್ ಹೋಮ್ ನಿಯಮಗಳ 2021ರ ತಿದ್ದುಪಡಿಯಲ್ಲಿ ಇದಿದೆ.

ಪ್ರಶ್ನೆ: 5 ಲಕ್ಷದ ಪಾಲಿಸಿ ಇದ್ದೂ ವಿಮೆಯವರು ಆಪರೇಷನ್ನಿನ ಬಿಲ್ಲನ್ನು ಅರ್ಧ ಕತ್ತರಿಸಿದರು. ಮೋಸವಲ್ಲವೆ? (ವಾಶಿ)

ಉತ್ತರ: ನಿಮ್ಮ ಪಾಲಿಸಿಯಲ್ಲಿ ಕೋಣೆಯ ಮಿತಿ ವಿಮೆಯ ಮೊತ್ತದ ಶೇ. 1, ಅಂದರೆ ದಿನಕ್ಕೆ 5,000. ನೀವು ತೆಗೆದುಕೊಂಡದ್ದು 10,000ದ ಕೋಣೆ, ನೀವೇ ಬರೆದಿದ್ದೀರಿ. ನಿಮ್ಮ ಜೇಬಿನಿಂದ ಹೋಗುವುದು ಬರೀ ಕೋಣೆಯ ವ್ಯತ್ಯಾಸ ಅಂದುಕೊಂಡಿರಿ. ಕೋಣೆ ದುಬಾರಿಯಾದರೆ ಸರ್ಜನರ ಫೀ, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲವೂ ಅದೇ ದರ್ಜೆಗೆ ಏರುತ್ತವೆ, ವಿಮೆ ಅವನ್ನೂ ಅದೇ ಅನುಪಾತದಲ್ಲಿ ಅರ್ಧ ಕತ್ತರಿಸುತ್ತದೆ. ಆದರೆ ಔಷಧಿ, ಇಂಪ್ಲಾಂಟ್, ರಕ್ತಪರೀಕ್ಷೆ-ಸ್ಕ್ಯಾನ್ ಮತ್ತು ಐಸಿಯು ಶುಲ್ಕಕ್ಕೆ ಈ ಅನುಪಾತ ಹಾಕುವಂತಿಲ್ಲ. ಅವನ್ನೂ ಕತ್ತರಿಸಿದ್ದರೆ ಲಿಖಿತ ದೂರು ಕೊಡಿ, ಜಗ್ಗದಿದ್ದರೆ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಮುಂದಿನ ಸಲ ಎಸಿ ಕೋಣೆಯಲ್ಲಿ ನೆಂಟರಿಗೆ ಸೋಫಾ ಇದೆಯೇ ಎಂದು ನೋಡುವ ಮೊದಲು ಪಾಲಿಸಿಯ ಆ ಒಂದು ಸಾಲು ನೋಡಿ.

ಪ್ರಶ್ನೆ: ಟ್ರಸ್ಟ್ ಆಸ್ಪತ್ರೆಗಳಲ್ಲಿ ಬಡವರಿಗೆ ಹಾಸಿಗೆ ಇದೆ ಎನ್ನುವುದು ನಿಜವೆ? (ಮೀರಾ ರೋಡ್)

ಉತ್ತರ: ನಿಜ. ಮಹಾರಾಷ್ಟ್ರದ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 41ಎಎ ಕಲಮಿನ ಕೆಳಗೆ ಧರ್ಮಾದಾಯ ಆಸ್ಪತ್ರೆಗಳು ಶೇ. 10 ಹಾಸಿಗೆ ಉಚಿತವಾಗಿ, ಇನ್ನೊಂದು ಶೇ. 10 ರಿಯಾಯಿತಿಯಲ್ಲಿ ಮೀಸಲಿಡಬೇಕು. ವಾರ್ಷಿಕ ಆದಾಯ 1.80 ಲಕ್ಷದೊಳಗಿದ್ದರೆ ಉಚಿತ, 3.60 ಲಕ್ಷದೊಳಗಿದ್ದರೆ ರಿಯಾಯಿತಿ. ತಹಶೀಲ್ದಾರರ ಆದಾಯ ಪತ್ರ ಅಥವಾ ರೇಷನ್ ಕಾರ್ಡ್ ಹಿಡಿದು, ಬಿಲ್ಲಿಂಗ್ ಕೌಂಟರಿಗಲ್ಲ, ಮೆಡಿಕಲ್ ಸೋಷಿಯಲ್ ವರ್ಕರ್ ಬಳಿ ಹೋಗಿ. ಅಡ್ಮಿಟ್ ಆಗುವ ದಿನವೇ ಹೋಗಿ, ಡಿಸ್ಚಾರ್ಜಿನ ದಿನ ಹೋಗಿ ಅತ್ತರೆ ಪ್ರಯೋಜನ ಕಡಿಮೆ. ಹೋಟೆಲಿನಲ್ಲಿ ದುಡಿಯುವ ಎಷ್ಟೋ ನಮ್ಮವರು ‘ಮರ್ಯಾದೆ’ ಎಂದು ಇದನ್ನು ಕೇಳದೆ, ಬಡ್ಡಿಗೆ ಸಾಲ ಮಾಡಿ ಬಿಲ್ ಕಟ್ಟುತ್ತಾರೆ. ಇದು ಭಿಕ್ಷೆಯಲ್ಲ, ಕಾನೂನು.

ಪ್ರಶ್ನೆ: ಅಮ್ಮನಿಗೆ 72. ಆಧಾರ್ ಕುಂದಾಪುರದ ವಿಳಾಸದಲ್ಲಿದೆ. ಆಯುಷ್ಮಾನ್ ಕಾರ್ಡ್ ಮುಂಬಯಿಯಲ್ಲಿ ನಡೆಯುತ್ತದೆಯೆ? (ಘಾಟ್ಕೋಪರ್)

ಉತ್ತರ: ನಡೆಯುತ್ತದೆ, ಯೋಜನೆಯಲ್ಲಿರುವ ಆಸ್ಪತ್ರೆಗಳಲ್ಲಿ ಮಾತ್ರ. 2024ರ ಅಕ್ಟೋಬರಿನಿಂದ 70 ದಾಟಿದವರಿಗೆ ಆದಾಯದ ಮಿತಿಯಿಲ್ಲ. ಅಡ್ಮಿಟ್ ಆಗದೆ ತೋರಿಸಿಕೊಂಡು ಬರುವ ಒಪಿಡಿ ಖರ್ಚು ಸಿಗದು. ಕಾಯಿಲೆ ಬೀಳುವ ಮೊದಲೇ ಕಾರ್ಡ್ ಮಾಡಿಸಿ, 14555ಕ್ಕೆ ಕರೆ ಮಾಡಿ.

ಪ್ರಶ್ನೆ: ಡಯಾಲಿಸಿಸ್ ಬಿಡಿಸುವ ಕಷಾಯ ಕೊಡುವವರೊಬ್ಬರು ಇದ್ದಾರೆ, ಹೋಗಬಹುದೆ? (ಮುಲುಂಡ್)

ಉತ್ತರ: ಡಯಾಲಿಸಿಸ್ ಬಿಟ್ಟರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುತ್ತದೆ. ಹೋಗಬೇಡಿ.

ಪ್ರಶ್ನೆ: ಚೀಲೇಷನ್ ಡ್ರಿಪ್ಪಿನಿಂದ ಹೃದಯದ ಬ್ಲಾಕ್ ಕರಗಿಸುತ್ತಾರಂತೆ, ಬೈಪಾಸ್ ತಪ್ಪಿಸಬಹುದೆ? (ಪುಣೆ)

ಉತ್ತರ: ಕರಗುವುದು ನಿಮ್ಮ ಉಳಿತಾಯ.

ಪ್ರಶ್ನೆ: ಯಜಮಾನರು ನನ್ನ ಹೆಸರಿಗೆ ಪವರ್ ಆಫ್ ಅಟಾರ್ನಿ ಮಾಡಿಕೊಟ್ಟಿದ್ದಾರೆ. ಅವರಿಗೆ ಏನಾದರೂ ಆದರೆ ಆಸ್ಪತ್ರೆಯ ಖರ್ಚಿಗೆ ಹಣ ತೆಗೆಯಲು ತೊಂದರೆಯಿಲ್ಲ ಅಲ್ಲವೆ? (ಪೊವಾಯಿ)

ಉತ್ತರ: ತೊಂದರೆ ಇದೆ. ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರವೂ ಮುಗಿಯುತ್ತದೆ. ಅವರು ಕೋಮಾಕ್ಕೆ ಹೋದ ದಿನ, ನಿಮಗೆ ಅತ್ಯಂತ ಬೇಕಾದಾಗ, ಕಾಗದಕ್ಕೆ ಬೆಲೆಯಿಲ್ಲ. ಆಗ ಹೈಕೋರ್ಟಿಗೆ ಹೋಗಿ ಗಂಡನಿಗೆ ಗಾರ್ಡಿಯನ್ ಆಗಿ ನೇಮಿಸಿಕೊಳ್ಳಬೇಕು. ಅಷ್ಟರಲ್ಲಿ ಆಸ್ಪತ್ರೆ ಮೂರು ಸಲ ಡಿಪಾಸಿಟ್ ಕೇಳಿರುತ್ತದೆ. ನಾಮಿನಿ ಹೆಸರೂ ಇಲ್ಲಿ ಉಪಯೋಗವಿಲ್ಲ, ಅದು ಮರಣದ ನಂತರದ್ದು. ಸೇವಿಂಗ್ಸ್ ಖಾತೆಯನ್ನು ಇಬ್ಬರ ಹೆಸರಿನಲ್ಲಿ, ಯಾರೊಬ್ಬರೂ ಸಹಿ ಹಾಕಿ ತೆಗೆಯುವಂತೆ ‘ಐದರ್ ಆರ್ ಸರ್ವೈವರ್’ ಮಾಡಿಸಿ. ಎಫ್‌ಡಿಗಳನ್ನೂ ಹಾಗೇ ಮಾಡಿಸಿ, ಅವಧಿಗೆ ಮುನ್ನ ಒಬ್ಬರೇ ಮುರಿಸಬಹುದೆಂದು ಬ್ಯಾಂಕಿನಲ್ಲಿ ಬರೆದುಕೊಡಿ. ಇಬ್ಬರೂ ಹೋಗಬೇಕು, ಇಬ್ಬರೂ ನಡೆಯುತ್ತಿರುವಾಗಲೇ.